ಮೂಸಿಯ ತೀರದಲ್ಲಿ ವಿಶ್ವೇಶ್ವರಯ್ಯನವರು

ನೌಕರಿಯನ್ನು ನಂಬಿ ಹೈದರಾಬಾದಿಗೆ ಬಂದು ನೆಲಸಿದವರು ನಾವು. ನೌಕರಿಯನ್ನು ಬಿಟ್ಟ ಮೇಲೆ ಇಲ್ಲಿಗೆ ಬಂದ ಕನ್ನಡಿಗರೊಬ್ಬರನ್ನು ರಾಜ್ಯೋತ್ಸವದ ಈ ದಿನ ನೆನೆಯುವುದು ಉಚಿತವೇ ಸರಿ.

ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಸಕ್ಕರಿಗೆ ಕುಡಿಯುವ ನೀರು, ಖಡಕವಾಸಲೆಯ ಕಟ್ಟೆಗೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳು, ಹೀಗೆ ಒಂದೊಂದೂ ಹೆಸರು ತಂದ ಕೆಲಸ. ಆದರೆ ಮುಖ್ಯ ಎಂಜಿನಿಯರರ ಪದವಿ ಆಗ ಆಂಗ್ಲರಿಗೇ ಮೀಸಲೆನ್ನುವಂತಿತ್ತು. ದಾರಿ ಅಲ್ಲಿಗೆ ಮುಗಿಯಿತೆಂದು ಕಂಡುಕೊಂಡು, 1908ರಲ್ಲಿ, 47ರ ಆಸುಪಾಸಿನ ವಯಸ್ಸಿನಲ್ಲಿ, ನಿವೃತ್ತಿ ಬೇಡಿ ವಿದೇಶ ಪ್ರವಾಸ ಹೊರಟೇಬಿಟ್ಟರು. ತಿಂಗಳ ಸಂಬಳದ ಮೇಲೆ ಸಂಸಾರ ತೂಗಿಸುವ ನಮಗೆ ಆ ಎದೆಗಾರಿಕೆ ಸುಲಭವಾಗಿ ಬಾರದು.

ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಊರೊಳಕ್ಕೆ ನುಗ್ಗಿತು. ಸಾವಿರಾರು ಜನ ತೀರಿಕೊಂಡರು. ನಿಜಾಮ ಸರಕಾರದ ಕರೆ ವಿಶ್ವೇಶ್ವರಯ್ಯನವರಿಗೆ ಪರದೇಶದಲ್ಲಿಯೇ ತಲುಪಿತು. 1909ರ ಏಪ್ರಿಲಿನಲ್ಲಿ ಬಂದು ಮಳೆಯ, ಹೊಳೆಯ ಲೆಕ್ಕ ತೆಗೆದರು. ಮೇಲುಭಾಗದಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ನೆರೆಯನ್ನು ಊರು ಮುಟ್ಟುವ ಮೊದಲೇ ತಡೆಯಬೇಕೆಂದು ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯವನ್ನು ಸೂಚಿಸಿದರು. ಒಳಚರಂಡಿಯ ಯೋಜನೆಯನ್ನೂ ಹಾಕಿಕೊಟ್ಟರು.

ಇಷ್ಟಕ್ಕೆ ಏಳು ತಿಂಗಳು. ಮುಂಬಯಿಯಲ್ಲಿ ಕೈಗೆಟುಕದ ಪದವಿಗೆ ಅಷ್ಟರಲ್ಲಿ ತವರು ಮೈಸೂರೇ ಕರೆಯಿತು; ನವೆಂಬರಿನಲ್ಲಿ ಅಲ್ಲಿ ಮುಖ್ಯ ಎಂಜಿನಿಯರರಾದರು, 1912ರಲ್ಲಿ ದಿವಾನರಾದರು. ಇಲ್ಲಿ ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಮುಗಿದವು. ಆ ವೇಳೆಗೆ ಅವರು ದಿವಾನಗಿರಿಯನ್ನೂ ಬಿಟ್ಟಾಗಿತ್ತು.