ಕುರಿದೊಡ್ಡಿಯಲ್ಲಿ ಹುಟ್ಟಿದ ಪ್ರಶ್ನೆ: ಜಾರ್ಜ್ ಬೀಟ್ಸನ್



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ ಆಕಳು, ಎಮ್ಮೆ, ಕುರಿಗಳನ್ನು ನೀವು ದಿನವೂ ನೋಡುತ್ತೀರಿ. ಆಕಳು ಕರು ಹಾಕಿದ ಕೂಡಲೇ ಕೆಚ್ಚಲಲ್ಲಿ ಹಾಲು ತುಂಬುತ್ತದೆ. ಕೆಲವು ತಿಂಗಳ ನಂತರ ಹಾಲು ಬತ್ತುತ್ತದೆ. ಯಾವಾಗ ಹಾಲು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಕೆಚ್ಚಲಿಗೆ ತಿಳಿಸುವವರು ಯಾರು? ಇಂಥದೇ ಪ್ರಶ್ನೆಯ ಬೆನ್ನು ಹತ್ತಿದ ವೈದ್ಯರೊಬ್ಬರು ಕ್ಯಾನ್ಸರ್ ಚಿಕಿತ್ಸೆಗೆ ಹೊಸ ದಾರಿ ತೋರಿಸಿದರು. ಅವರೇ ಜಾರ್ಜ್ ಥಾಮಸ್ ಬೀಟ್ಸನ್.

ಬೀಟ್ಸನ್ 1848ರಲ್ಲಿ ಶ್ರೀಲಂಕಾದ ಟ್ರಿಂಕೋಮಲಿಯಲ್ಲಿ ಜನಿಸಿದರು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿದರು. 1870ರ ದಶಕದಲ್ಲಿ ಹಳ್ಳಿಯೊಂದರಲ್ಲಿ ಒಬ್ಬ ರೋಗಿಯನ್ನು ನೋಡಿಕೊಳ್ಳುವ ಕೆಲಸ ಅವರಿಗೆ ಸಿಕ್ಕಿತು. ಬಿಡುವು ಸಾಕಷ್ಟಿತ್ತು. ಪಕ್ಕದಲ್ಲೇ ಕುರಿದೊಡ್ಡಿ ಇತ್ತು. ಮರಿಗಳಿಗೆ ತಾಯಿಯ ಹಾಲು ಬಿಡಿಸುವುದನ್ನು ಅವರು ಗಮನಿಸಿದರು. ಹಾಲು ಉತ್ಪತ್ತಿಯನ್ನೇ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡರು.

ಕೆಲವು ದೇಶಗಳ ರೈತರು ಕರು ಹಾಕಿದ ಆಕಳಿನ ಅಂಡಾಶಯವನ್ನು ತೆಗೆಸುತ್ತಿದ್ದರು. ಆಗ ಆಕಳು ಹೆಚ್ಚು ಕಾಲ ಹಾಲು ಕೊಡುತ್ತಿತ್ತು! ಅಂಡಾಶಯವಿರುವುದು ಹೊಟ್ಟೆಯೊಳಗೆ, ಕೆಚ್ಚಲಿರುವುದು ಹೊರಗೆ. ಆದರೂ ಒಂದು ಅಂಗ ದೂರದ ಇನ್ನೊಂದು ಅಂಗವನ್ನು ನಿಯಂತ್ರಿಸುತ್ತಿದೆ ಎಂದು ಬೀಟ್ಸನ್ ತರ್ಕಿಸಿದರು. ಹಾಗಾದರೆ ಸ್ತನದಲ್ಲಿ ಬೆಳೆಯುವ ಕ್ಯಾನ್ಸರ್ ಮೇಲೂ ಅಂಡಾಶಯದ ಪ್ರಭಾವ ಇರಬಹುದೇ?

1895ರಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಗೆ 33 ವರ್ಷದ ತಾಯಿಯೊಬ್ಬರು ಬಂದರು. ಶಸ್ತ್ರಚಿಕಿತ್ಸೆಯ ನಂತರವೂ ಅವರ ಸ್ತನ ಕ್ಯಾನ್ಸರ್ ಮರಳಿ ಬಂದು ಹರಡಿತ್ತು. ಬೇರೆ ಉಪಾಯವೇ ಇರಲಿಲ್ಲ. ಬೀಟ್ಸನ್ ಆಕೆಗೂ ಆಕೆಯ ಪತಿಗೂ ಎಲ್ಲವನ್ನೂ ವಿವರಿಸಿ, ಒಪ್ಪಿಗೆ ಪಡೆದು, ಅಂಡಾಶಯಗಳನ್ನು ತೆಗೆದರು. ಕೆಲವು ತಿಂಗಳಲ್ಲಿ ಗಡ್ಡೆಗಳು ಕರಗಿದವು! 1896ರಲ್ಲಿ ಅವರು ಇದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಆದರೆ ಇದು ಪೂರ್ಣ ಗೆಲುವಾಗಿರಲಿಲ್ಲ. ಕೆಲವು ವರ್ಷಗಳ ನಂತರ ರೋಗ ಮರುಕಳಿಸಿ ಆ ತಾಯಿ ತೀರಿಕೊಂಡರು. ಬೇರೆ ವೈದ್ಯರು ಇದೇ ಚಿಕಿತ್ಸೆ ಮಾಡಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಗುಣ ಕಂಡಿತು. ಏಕೆ ಹೀಗೆ? ಉತ್ತರ ಸಿಗಲು ದಶಕಗಳೇ ಬೇಕಾದವು.

ಅಂಡಾಶಯವು ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಕೆಲವು ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಈ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳಿರುತ್ತವೆ. ಹಾರ್ಮೋನು ಸಿಕ್ಕರೆ ಅವು ಬೆಳೆಯುತ್ತವೆ. ಗ್ರಾಹಕಗಳಿಲ್ಲದ ಕ್ಯಾನ್ಸರ್ ಮೇಲೆ ಈ ಚಿಕಿತ್ಸೆ ಫಲ ಕೊಡುವುದಿಲ್ಲ. ಇಂದು ವೈದ್ಯರು ಮೊದಲು ಗಡ್ಡೆಯನ್ನು ಪರೀಕ್ಷಿಸುತ್ತಾರೆ. ಗ್ರಾಹಕಗಳಿದ್ದರೆ ಟಾಮಾಕ್ಸಿಫೆನ್‌ನಂಥ ಮಾತ್ರೆ ಕೊಟ್ಟು ಹಾರ್ಮೋನಿನ ಕೆಲಸವನ್ನು ತಡೆಯುತ್ತಾರೆ.

ಬೀಟ್ಸನ್ 1933ರಲ್ಲಿ ನಿಧನರಾದರು. ಗ್ಲಾಸ್ಗೋದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಅವರ ಹೆಸರನ್ನೇ ಇಡಲಾಗಿದೆ.

ಮಕ್ಕಳೇ, ಕ್ಯಾನ್ಸರ್ ಮುಟ್ಟಿದರೆ ಹರಡುವ ರೋಗವಲ್ಲ. ಸ್ತನದಲ್ಲಿ ಗಂಟು ಕಂಡರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಇದನ್ನು ಮನೆಯಲ್ಲಿ ಅವ್ವ, ಅಜ್ಜಿ, ಅಕ್ಕಂದಿರಿಗೆ ತಿಳಿಸಿ. ಹಾಗೆಯೇ ನಿಮ್ಮ ಮನೆಯ ದನಕರುಗಳನ್ನು ಗಮನಿಸಿ, 'ಏಕೆ?' ಎಂದು ಕೇಳಿ.