ಗುಲಾಬಿ-ಶಿಲುಬೆಯ ಕಥೆಗಾರ ಆಂದ್ರೆಯ

ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಯೂರೋಪಿನ ಪಂಡಿತರನೇಕರು ಒಂದು ಗೂಢ ಸಂಘವನ್ನು ಅರಸುತ್ತಿದ್ದರು. ಅದರ ನೆಲೆಯೆಲ್ಲಿ ಎಂಬುದನ್ನು ಯಾರೂ ಅರಿಯರು. ಅದರ ಸದಸ್ಯನೊಬ್ಬನನ್ನಾದರೂ ಕಂಡವರಿಲ್ಲ. ಗುಲಾಬಿ ಮತ್ತು ಶಿಲುಬೆಗಳ ಹೆಸರನ್ನು ಹೊತ್ತ ಈ ಸಂಘವೇ ರೋಸಿಕ್ರೂಸಿಯನ್ ಬಂಧುತ್ವ. ಅದರ ಕಥೆಯಲ್ಲಿ ತಾರುಣ್ಯದಲ್ಲಿ ಕೈಯಿಟ್ಟು, ಅದರಿಂದ ಬಿಡಿಸಿಕೊಳ್ಳಲು ಮುಂದೆ ಬಹುಕಾಲ ಹೆಣಗಿದ ಜರ್ಮನ್ ಪಾದ್ರಿ ಯೋಹಾನ್ ವಾಲೆಂಟೀನ್ ಆಂದ್ರೆಯನ ಜೀವನವನ್ನು ನಾವಿಲ್ಲಿ ಅರಿತುಕೊಳ್ಳೋಣ.

ಆಂದ್ರೆಯನು 1586ರ ಆಗಸ್ಟ್ 17ರಂದು ವುರ್ಟೆಂಬರ್ಗ್ ಸಂಸ್ಥಾನದ ಹೆರೆನ್‌ಬರ್ಗ್ ಎಂಬ ಊರಿನಲ್ಲಿ ಜನಿಸಿದನು. ಅಜ್ಜನು ಟ್ಯೂಬಿಂಗನ್ ವಿಶ್ವವಿದ್ಯಾಲಯದ ಕುಲಾಧಿಪತಿ, ಲೂಥರನ ಪಂಥದ ಹಿರಿಯ ಪಂಡಿತ. ತಂದೆಯೂ ಪಾದ್ರಿಯೇ, ಆದರೆ ಆತನಿಗೆ ರಸವಿದ್ಯೆಯ ಹುಚ್ಚಿತ್ತು. 1601ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ ಮಾರಿಯಾ ಮಕ್ಕಳನ್ನು ಕರೆದುಕೊಂಡು ಟ್ಯೂಬಿಂಗನ್ನಿಗೆ ಬಂದಳು. ಮುಂದೆ ಆಕೆ ಸ್ಟುಟ್‌ಗಾರ್ಟಿನ ಅರಮನೆಯ ಔಷಧಶಾಲೆಯನ್ನು ನಡೆಸಿದಳು. ಆ ಕಾಲದ ಹೆಂಗಸೊಬ್ಬಳಿಗೆ ಇದು ಸಣ್ಣ ಪದವಿಯಲ್ಲ.

ಮಗನು ಅಲ್ಲಿ ಓದುತ್ತಿರುವಾಗಲೇ, ಇನ್ನೂ ಇಪ್ಪತ್ತು ತುಂಬುವ ಮುನ್ನ, ಒಂದು ವಿಚಿತ್ರ ಕಥೆಯನ್ನು ಬರೆದನು. ಕ್ರಿಸ್ತಿಯಾನ್ ರೋಸೆನ್‌ಕ್ರಾಯ್ಟ್ಸ್ ಎಂಬ ವೃದ್ಧನಿಗೆ ರಾಜನ ಮದುವೆಯ ಕರೆ ಬರುತ್ತದೆ. ಅರಮನೆಯಲ್ಲಿ ಅತಿಥಿಗಳನ್ನೆಲ್ಲ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಮಹಾಜ್ಞಾನಿಗಳೆಂದು ಬೀಗಿದವರು ಹಗುರವಾಗಿ ಮೇಲೇರಿ ನಗೆಗೀಡಾಗುತ್ತಾರೆ. ತಾನು ಅಯೋಗ್ಯನೆಂದು ಹಿಂಜರಿದ ಮುದುಕನೇ ಎಲ್ಲರಿಗಿಂತ ಭಾರವಾಗುತ್ತಾನೆ! ಆಮೇಲೆ ರಾಜರಾಣಿಯರ ಶಿರಚ್ಛೇದವಾಗಿ, ರಸವಿದ್ಯೆಯಿಂದ ಅವರಿಗೆ ಮರುಜೀವ ಬರುತ್ತದೆ. ಏಳು ದಿನಗಳ ಈ ಕಥೆ ನಡುವೆಯೇ ತುಂಡಾಗಿ ನಿಲ್ಲುತ್ತದೆ.

ಹಾಸ್ಯದ ಚಟ ಅವನಿಗೆ ಕೇಡನ್ನೂ ತಂದಿತು. ದೊಡ್ಡವರ ಮನೆಯ ಮದುವೆಯೊಂದನ್ನು ಹಂಗಿಸಿದ ಬರಹದ ಪ್ರಕರಣದಲ್ಲಿ ಸಿಲುಕಿ, 1607ರಲ್ಲಿ ಅವನು ವಿಶ್ವವಿದ್ಯಾಲಯವನ್ನು ಬಿಡಬೇಕಾಯಿತು. ಕೆಲವು ವರ್ಷ ದೇಶ ಸುತ್ತಿದನು. 1611ರಲ್ಲಿ ಕಂಡ ಜಿನೀವಾ ನಗರದ ಶಿಸ್ತು ಅವನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. 1614ರಲ್ಲಿ ಫೈಹಿಂಗನ್ ಎಂಬಲ್ಲಿ ಉಪಪಾದ್ರಿಯಾದನು.

ಅದೇ ವರ್ಷ ಕಾಸೆಲ್ ನಗರದಲ್ಲಿ, ಬರೆದವರ ಹೆಸರಿಲ್ಲದ ಒಂದು ಪ್ರಣಾಳಿಕೆ ಅಚ್ಚಾಯಿತು. ಅರಬ್ಬೀ ದೇಶದಲ್ಲಿಯೂ ಫೆಜ್ ನಗರದಲ್ಲಿಯೂ ವಿದ್ಯೆ ಕಲಿತುಬಂದ ಒಬ್ಬ ಜರ್ಮನನು ಗುಪ್ತ ಬಂಧುತ್ವವನ್ನು ಸ್ಥಾಪಿಸಿದನೆಂದೂ, ಅದರ ಸದಸ್ಯರು ಹಣ ಪಡೆಯದೆ ರೋಗಿಗಳಿಗೆ ಚಿಕಿತ್ಸೆ ಮಾಡುವರೆಂದೂ, ಸ್ಥಾಪಕನು ಸತ್ತು 120 ವರ್ಷಗಳ ಬಳಿಕ ಅವನ ಸಮಾಧಿ ದೊರೆಯಿತೆಂದೂ ಅದು ಸಾರಿತು. ಆಂದ್ರೆಯನೂ ಅವನ ಟ್ಯೂಬಿಂಗನ್ ಗೆಳೆಯರೂ ಸೇರಿ ಇದನ್ನು ಹೆಣೆದರೆಂದು ಅನೇಕ ವಿದ್ವಾಂಸರ ಮತ. 1616ರಲ್ಲಿ ಆ ಮದುವೆಯ ಕಥೆಯೂ ಅಚ್ಚಾಗಿ ಹೊರಬಂದಿತು.

ಜನ ಇದನ್ನೆಲ್ಲ ಅಕ್ಷರಶಃ ನಂಬಿದರು. ಸಂಘಕ್ಕೆ ಸೇರಿಸಿಕೊಳ್ಳಿರೆಂದು ಬೇಡುವ, ಇಲ್ಲವೆ ಶಪಿಸುವ ನೂರಾರು ಹೊತ್ತಗೆಗಳು ಬಂದವು. ಕೈಬರಹದ ಪ್ರತಿಯನ್ನು ಮೊದಲೇ ಓದಿದ್ದ ಟಿರೋಲ್ ಪ್ರಾಂತದ ಆದಮ್ ಹಾಸ್ಲ್‌ಮಯರ್ ಎಂಬ ಉಪಾಧ್ಯಾಯನು 1612ರಲ್ಲಿಯೇ ಉತ್ತರವನ್ನು ಪ್ರಕಟಿಸಿ, ಸೆರೆಸಿಕ್ಕಿ, ಹಡಗಿನಲ್ಲಿ ಹುಟ್ಟುಹಾಕುವ ಶಿಕ್ಷೆಗೆ ಗುರಿಯಾದನು. ಕಥೆಯನ್ನು ಹೆಣೆದವರು ಮನೆಯಲ್ಲಿ ಕ್ಷೇಮವಾಗಿದ್ದರೆಂಬುದನ್ನು ನಾವು ಇಲ್ಲಿ ಮರೆಯಲಾಗದು. ತತ್ತ್ವಜ್ಞ ದೇಕಾರ್ತನೂ ಜರ್ಮನಿಯಲ್ಲಿ ಈ ಬಂಧುಗಳನ್ನು ಹುಡುಕಿ ಕಾಣದೆ ಹೋದನಂತೆ. ಅವನು ಪ್ಯಾರಿಸ್ಸಿಗೆ ಮರಳಿದಾಗ ಅವನೂ ಅದೃಶ್ಯ ಬಂಧುಗಳಲ್ಲೊಬ್ಬನೆಂಬ ವದಂತಿ ಹಬ್ಬಿತ್ತು; ಎಲ್ಲರ ಕಣ್ಣಿಗೂ ಕಾಣುವಂತೆ ತಿರುಗಾಡಿ ಅದನ್ನು ಸುಳ್ಳಾಗಿಸಿದನೆಂದು ಅವನ ಚರಿತ್ರಕಾರನು ಬರೆದಿದ್ದಾನೆ.

ಆಂದ್ರೆಯನಿಗೆ ಬೇಸರ ಹುಟ್ಟಿತು. 1619ರಲ್ಲಿ ಅವನು ಕ್ರಿಸ್ತಿಯಾನೊಪೊಲಿಸ್ ಎಂಬ ಕಲ್ಪನೆಯ ದ್ವೀಪನಗರವನ್ನು ಲ್ಯಾಟಿನ್ನಿನಲ್ಲಿ ವರ್ಣಿಸಿದನು. ಸುಮಾರು 400 ಜನರ ಆ ಊರಿನಲ್ಲಿ ಹುಡುಗರಂತೆ ಹುಡುಗಿಯರಿಗೂ ಶಾಲೆಯುಂಟು, ಪ್ರಯೋಗಶಾಲೆಯುಂಟು. ಆದರೆ ರೋಸಿಕ್ರೂಸಿಯನ್ನರೆಂದು ಸುಳ್ಳು ಹೇಳಿಕೊಂಡು ಬರುವವರಿಗೆ ಅದರ ಬಾಗಿಲು ತೆರೆಯದು!

ಮರುವರ್ಷ ಅವನು ಕಾಲ್ವ್ ಪಟ್ಟಣದ ಪಾದ್ರಿಗಳಿಗೆ ಮೇಲ್ವಿಚಾರಕನಾದನು. ಮೂವತ್ತು ವರ್ಷಗಳ ಯುದ್ಧ ಆಗಲೇ ಆರಂಭವಾಗಿತ್ತು. ಗುಪ್ತ ಬಂಧುಗಳು ಕಥೆಯಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಬಟ್ಟೆಯ ವರ್ತಕರೂ ಬಣ್ಣಗಾರರೂ ಬಹಿರಂಗವಾಗಿ ಮಾಡಿದರು. ಅವನ ಪ್ರೇರಣೆಯಿಂದ ಅವರು ನಿಧಿಯೊಂದನ್ನು ಕಟ್ಟಿ ಬಡವರಿಗೂ ರೋಗಿಗಳಿಗೂ ವಿದ್ಯಾರ್ಥಿಗಳಿಗೂ ನೆರವಾದರು. 1634ರ ಸೆಪ್ಟೆಂಬರಿನಲ್ಲಿ ಶತ್ರುಸೈನ್ಯ ಕಾಲ್ವನ್ನು ಸುಟ್ಟಿತು. ಆಂದ್ರೆಯನ ಮನೆ, ಪುಸ್ತಕಭಂಡಾರ, ಹಸ್ತಪ್ರತಿಗಳು, ಚಿತ್ರಸಂಗ್ರಹ ಎಲ್ಲವೂ ಬೂದಿಯಾದವು. ಅವನು ಊರನ್ನು ಬಿಡಲಿಲ್ಲ. ನಿರಾಶ್ರಿತರಿಗಾಗಿ ಹಣ ಕೂಡಿಸುತ್ತ ಅಲ್ಲಿಯೇ ದುಡಿದನು.

1639ರಲ್ಲಿ ಸ್ಟುಟ್‌ಗಾರ್ಟಿನ ಆಸ್ಥಾನ ಪಾದ್ರಿಯಾಗಿ, ಯುದ್ಧದಿಂದ ಹಾಳಾಗಿದ್ದ ಚರ್ಚುಗಳನ್ನೂ ಶಾಲೆಗಳನ್ನೂ ಮತ್ತೆ ಎತ್ತಿ ನಿಲ್ಲಿಸುವ ಹೊಣೆ ಹೊತ್ತನು. 1654ರಲ್ಲಿ ಅಲ್ಲಿಯೇ ತೀರಿಕೊಂಡನು.

ಮದುವೆಯ ಕಥೆ ತನ್ನದೇ, ಅದು ಹುಡುಗತನದ ವಿನೋದವಷ್ಟೆ ಎಂದು ಅವನು ಲ್ಯಾಟಿನ್ ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿದ್ದನು. ಆ ಗ್ರಂಥವು ಜರ್ಮನ್ ಭಾಷೆಯಲ್ಲಿ ಅಚ್ಚಾದುದು 1799ರಲ್ಲಿ, ಮೂಲದಲ್ಲಿ 1849ರಲ್ಲಿ. ಅಷ್ಟರೊಳಗೆ ಜರ್ಮನಿಯಲ್ಲಿ ನಿಜವಾದ ರೋಸಿಕ್ರೂಸಿಯನ್ ಸಂಘಗಳೇ ಹುಟ್ಟಿದ್ದವು. ಪ್ರಷ್ಯದ ಅರಸ ಎರಡನೆಯ ಫ್ರೆಡರಿಕ್ ವಿಲಿಯಂ, ಪಟ್ಟವೇರುವ ಮೊದಲೇ, 1781ರಲ್ಲಿ ದೀಕ್ಷೆ ಪಡೆದಿದ್ದನು.