ಆಚಾರ್ಯ ಜಗದೀಶಚಂದ್ರ ಬೋಸರು ಮತ್ತು ನಿಸ್ತಂತು ವಿದ್ಯೆ

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಜನರ ನಿತ್ಯಜೀವನವನ್ನು ಬದಲಾಯಿಸಿದ ನೂತನ ಸಾಧನಗಳನ್ನು ಎಣಿಸಹೊರಟರೆ, ವಿಮಾನ ಮೋಟಾರು ಬಂಡಿಗಳ ಸಾಲಿನಲ್ಲಿಯೇ ನಿಸ್ತಂತು ವಾರ್ತೆಯನ್ನೂ ಹೇಳಬೇಕಾಗುವುದು. ಮೊದಲು ನಡುಗಡಲಿನ ಹಡಗುಗಳಿಗೆ ಆಸರೆಯಾದ ಈ ವಿದ್ಯೆಯು ಕೆಲವೇ ವರ್ಷಗಳಲ್ಲಿ ಗೃಹಸ್ಥನ ಮನೆಯ ಗೂಡಿನಲ್ಲಿ ರೇಡಿಯೋ ಆಗಿ ಬಂದು ಕುಳಿತಿತು. ಇದರ ಮಾತು ಬಂದೊಡನೆ ಇಟಲಿಯ ಮಾರ್ಕೋನಿಯವರ ಹೆಸರು ಎಲ್ಲರ ಬಾಯಲ್ಲಿಯೂ ಬರುವುದು. 1909ರಲ್ಲಿ ಜರ್ಮನಿಯ ಬ್ರೌನ್ ಅವರೊಡನೆ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅವರ ಕೀರ್ತಿಯನ್ನು ಕಸಿದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಆದರೆ ಈ ವಿದ್ಯೆಯ ತಳಹದಿಗೆ ಕಲ್ಲು ಹೊತ್ತವರಲ್ಲಿ ನಮ್ಮವರೊಬ್ಬರು ಇದ್ದರೆಂಬುದನ್ನು ವಾಚಕರಿಗೆ ಜ್ಞಾಪಿಸುವುದು ಪತ್ರಿಕೆಯ ಧರ್ಮವೆಂದು ಭಾವಿಸಿದ್ದೇವೆ.

ಬೋಸರು 1858ನೆಯ ಇಸವಿ ನವೆಂಬರು 30ರಂದು ವಂಗದೇಶದಲ್ಲಿ ಜನಿಸಿದರು. ತಂದೆ ಭಗವಾನ್‌ಚಂದ್ರರು ಫರೀದಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದರು. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವುದೇ ಅಧಿಕಾರಿಗಳ ಮನೆಗಳಲ್ಲಿ ಪ್ರತಿಷ್ಠೆಯೆನಿಸಿದ್ದ ಆ ಕಾಲದಲ್ಲಿ ಈ ಪುಣ್ಯಾತ್ಮರು ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಅಲ್ಲಿ ಬಾಲಕನ ಒಂದು ಪಕ್ಕದಲ್ಲಿ ತಂದೆಯ ಮುಸಲ್ಮಾನ ಚಪರಾಸಿಯ ಮಗ, ಇನ್ನೊಂದು ಪಕ್ಕದಲ್ಲಿ ಬೆಸ್ತರ ಮಗ. ಅವರು ಹೇಳುತ್ತಿದ್ದ ಹಕ್ಕಿ, ಮೃಗ, ಜಲಚರಗಳ ಕಥೆಗಳಿಂದಲೇ ತಮಗೆ ಪ್ರಕೃತಿಯಲ್ಲಿ ಆಸಕ್ತಿ ಹುಟ್ಟಿತೆಂದು ಬೋಸರು ವೃದ್ಧಾಪ್ಯದಲ್ಲಿಯೂ ಸ್ಮರಿಸುತ್ತಿದ್ದರು. ಪಾಠಶಾಲೆಯಲ್ಲಿ ಅಕ್ಷರ ಕಲಿತ ನಮಗೆ ಈ ಸಂಗತಿಯು ವಿಶೇಷ ಸಂತೋಷವನ್ನುಂಟುಮಾಡುವುದೆಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪಾದ್ರಿ ಲಾಫೋಂಟರ ಬಳಿ ಭೌತಶಾಸ್ತ್ರದ ರುಚಿ ಹತ್ತಿತು. 1880ರಲ್ಲಿ ವೈದ್ಯವಿದ್ಯೆಗಾಗಿ ವಿಲಾಯತಿಗೆ ಹೋದರು; ಜ್ವರಪೀಡೆಯಿಂದ ಅದನ್ನು ಬಿಟ್ಟು ಕೇಂಬ್ರಿಜ್ಜಿನಲ್ಲಿ ರ್‍ಯಾಲೀ ಪ್ರಭುಗಳೇ ಮೊದಲಾದವರಿಂದ ವಿಜ್ಞಾನವನ್ನು ಕಲಿತರು. 1885ರಲ್ಲಿ ಸ್ವದೇಶಕ್ಕೆ ಮರಳಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರೊಫೆಸರರಾದರು.

ಅಲ್ಲಿ ಅವರಿಗೆ ಎದುರಾದ ಅನ್ಯಾಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ. ಒಂದೇ ಹುದ್ದೆ, ಒಂದೇ ಪಾಠ. ಆದರೂ ಬಿಳಿಯ ಪ್ರೊಫೆಸರನಿಗೆ ಸಲ್ಲುವ ಸಂಬಳದಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರವೇ ಭಾರತೀಯನಿಗೆ ಎಂಬುದು ಅಂದಿನ ಕಟ್ಟಳೆ. ಬೋಸರು ಅರ್ಜಿಗಳನ್ನು ಹಿಡಿದು ಬಾಗಿಲು ಬಾಗಿಲು ತಿರುಗಲಿಲ್ಲ. ಕೆಲಸವನ್ನು ಬಿಡಲೂ ಇಲ್ಲ. ಮೂರು ವರ್ಷಗಳ ಕಾಲ ಒಂದು ದಿನವೂ ಪಾಠ ತಪ್ಪಿಸದೆ, ಒಂದು ಕಾಸು ಸಂಬಳವನ್ನೂ ಮುಟ್ಟಲಿಲ್ಲ. ತಂದೆಯವರು ಸ್ವದೇಶೀ ಉದ್ಯಮಗಳಲ್ಲಿ ಹಣ ಹೂಡಿ ಸಾಲಗಾರರಾಗಿದ್ದ ಕಾಲವದು. 1887ರಲ್ಲಿ ಕೈಹಿಡಿದ ಪತ್ನಿ ಅಬಲಾದೇವಿಯವರೂ ಆ ಬಡತನವನ್ನು ಹಸನ್ಮುಖರಾಗಿ ಹಂಚಿಕೊಂಡರು. ಕಡೆಗೆ ಸರ್ಕಾರವೇ ಮಣಿದು ಮೂರು ವರ್ಷಗಳ ಪೂರ್ಣ ವೇತನವನ್ನು ಒಟ್ಟಿಗೆ ಕೊಟ್ಟಿತು; ಆ ಹಣವು ತಂದೆಯ ಸಾಲಕ್ಕೆ ಸಂದಿತು. ಸರ್ಕಾರಿ ನೌಕರಿಯಲ್ಲಿರುವ ನಮ್ಮ ವಾಚಕರು ಈ ಸತ್ಯಾಗ್ರಹದ ಬೆಲೆಯನ್ನು ನಮಗಿಂತ ಚೆನ್ನಾಗಿ ಬಲ್ಲರು.

1894ರಲ್ಲಿ, ಮೂವತ್ತಾರು ವರ್ಷ ತುಂಬಿದಾಗ, ಬೋಸರು ಸಂಶೋಧನೆಗೆ ಕೈಹಾಕಿದರು. ಕಾಲೇಜಿನಲ್ಲಿ ಪ್ರಯೋಗಶಾಲೆಯೆಂಬುದು ಇರಲಿಲ್ಲ. ದೊರೆತದ್ದು ಸ್ನಾನದ ಕೊಠಡಿಯ ಪಕ್ಕದ ಒಂದು ಇಕ್ಕಟ್ಟಾದ ಸ್ಥಳ. ಉಪಕರಣಗಳನ್ನು ಊರಿನ ತಗಡು ಕೆಲಸಗಾರನಿಂದ ಮಾಡಿಸಿಕೊಂಡರು. ಜರ್ಮನಿಯ ಹರ್ಟ್ಸ್ ಪಂಡಿತರು ಕಂಡುಹಿಡಿದಿದ್ದ ವಿದ್ಯುತ್ ತರಂಗಗಳು ಬಹಳ ಉದ್ದವಾದವು. ಬೋಸರು ಅವನ್ನು 5 ಮಿಲಿಮೀಟರಿನವರೆಗೆ ಕುಗ್ಗಿಸಿ, ಅವು ಬೆಳಕಿನಂತೆಯೇ ಪ್ರತಿಫಲಿಸುವುದನ್ನೂ ಬಾಗುವುದನ್ನೂ ಮೇಜಿನ ಮೇಲೆ ತೋರಿಸಿದರು. ಹೊಸೆದ ಸೆಣಬಿನ ನಾರು, ಪುಟಗಳ ನಡುವೆ ತವರದ ಹಾಳೆಯನ್ನಿಟ್ಟ ರೈಲ್ವೆ ವೇಳಾಪಟ್ಟಿಯ ಪುಸ್ತಕ, ಇವೇ ಅವರ ಯಂತ್ರಭಾಗಗಳು! 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಅವರು ಹೊರಡಿಸಿದ ಅದೃಶ್ಯ ತರಂಗವು ಲೆಫ್ಟಿನೆಂಟ್ ಗವರ್ನರರ ಶರೀರವನ್ನೂ ಗೋಡೆಗಳನ್ನೂ ದಾಟಿ, 75 ಅಡಿ ದೂರದಲ್ಲಿ ಗಂಟೆಯನ್ನು ಬಾರಿಸಿ ಮದ್ದನ್ನು ಸಿಡಿಸಿತು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರ ಉಪನ್ಯಾಸವಾಯಿತು.

ತರಂಗವನ್ನು ಕಳುಹಿಸಿದರೆ ಸಾಲದು. ಅದನ್ನು ಹಿಡಿಯುವ ಸಾಧನವೂ ಬೇಕಷ್ಟೆ. ಲೋಹದ ಪುಡಿ ತುಂಬಿದ ಗಾಜಿನ ಕೊಳವೆಯನ್ನು ಆಗ ಬಳಸುತ್ತಿದ್ದರು. ಒಮ್ಮೆ ತರಂಗ ತಾಕಿದರೆ ಪುಡಿಯು ಕಚ್ಚಿಕೊಂಡುಬಿಡುವುದು. ಪ್ರತಿ ಸಲವೂ ತಟ್ಟಿ ಬಿಡಿಸಬೇಕು. ಕಬ್ಬಿಣ ಮತ್ತು ಪಾದರಸಗಳನ್ನು ಕೂಡಿಸಿ, ಟೆಲಿಫೋನಿನಿಂದ ಕೇಳುವಂತಹ ಗ್ರಾಹಕವೊಂದನ್ನು ಬೋಸರು 1899ರಲ್ಲಿ ರಾಯಲ್ ಸೊಸೈಟಿಗೆ ನಿವೇದಿಸಿದರು. 1901ರ ಡಿಸೆಂಬರಿನಲ್ಲಿ ಮಾರ್ಕೋನಿಯವರು ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಸಂಕೇತವನ್ನು ಕೇಳಿದ್ದು ಇಟಲಿಯ ನೌಕಾಧಿಕಾರಿಯೊಬ್ಬರಿಂದ ಪಡೆದ ಪಾದರಸದ ಗ್ರಾಹಕದಿಂದ. ಅದರ ಮೂಲವು ಬೋಸರ ಸಾಧನವೇ ಎಂದು 1998ರಲ್ಲಿ ಭಾರತೀಯ ಮೂಲದ ವಿಜ್ಞಾನಿಯೊಬ್ಬರು ವಾದಿಸಿರುವರು.

ಇಷ್ಟನ್ನು ಕೇಳಿ, ರೇಡಿಯೋವನ್ನು ಕಂಡುಹಿಡಿದವರೇ ಬೋಸರೆಂದು ಸಭೆಗಳಲ್ಲಿ ಘೋಷಿಸುವ ದೇಶಾಭಿಮಾನಿಗಳುಂಟು. ನಾವು ಅವರೊಡನೆ ದನಿಗೂಡಿಸಲಾರೆವು. ವಾರ್ತೆಯನ್ನು ದೂರ ಕಳುಹಿಸುವುದು ಬೋಸರ ಮುಖ್ಯ ಗುರಿಯಾಗಿರಲಿಲ್ಲ. ತರಂಗದ ಸ್ವಭಾವವನ್ನರಿಯುವುದೇ ಗುರಿ. ಬೇಕಾದಷ್ಟು ನಿಜವಾದ ಕೀರ್ತಿಯಿರುವವರಿಗೆ ಎರವಲು ಕೀರ್ತಿಯನ್ನೇಕೆ ಹೊರಿಸಬೇಕು?

ಅವರ ಇನ್ನೊಂದು ನಡತೆಯ ವಿಷಯದಲ್ಲಿ ನಮ್ಮ ಮನಸ್ಸು ಇಂದಿಗೂ ಡೋಲಾಯಮಾನವಾಗಿದೆ. 1901ರಲ್ಲಿ ಲಂಡನ್ನಿನ ತಂತಿ ಕಂಪೆನಿಯ ಧನಿಕನೊಬ್ಬನು ಲಾಭದಲ್ಲಿ ಪಾಲು ಕೊಡುವೆನೆಂದು ಪೇಟೆಂಟಿಗಾಗಿ ಬೆನ್ನುಬಿದ್ದನು. ವಿದ್ಯೆಯನ್ನು ಮಾರುವುದಿಲ್ಲವೆಂದು ಬೋಸರು ಒಪ್ಪಲಿಲ್ಲ. ಸೋದರಿ ನಿವೇದಿತಾ, ಅಮೆರಿಕದ ಶ್ರೀಮತಿ ಬುಲ್ ಇವರ ಒತ್ತಾಯದಿಂದ ಒಂದಕ್ಕೆ ಮಾತ್ರ ಅರ್ಜಿ ಹೋಯಿತು. ಸೀಸದ ಅದಿರಾದ ಗೆಲೀನಾ ಹರಳಿನಿಂದ ತರಂಗವನ್ನು ಹಿಡಿಯುವ ಆ ಸಾಧನಕ್ಕೆ 1904ರ ಮಾರ್ಚಿಯಲ್ಲಿ ಅಮೆರಿಕದ ಪೇಟೆಂಟು ದೊರೆತರೂ ಬೋಸರು ಅದರಿಂದ ಲಾಭ ಪಡೆಯಲಿಲ್ಲ. ಅದೇ ಜಾತಿಯ ಹರಳನ್ನಿಟ್ಟ ಅಗ್ಗದ ಪೆಟ್ಟಿಗೆಗಳಿಂದ 1920ರ ದಶಕದಲ್ಲಿ ಯುರೋಪು ಅಮೆರಿಕಗಳ ಸಾಮಾನ್ಯ ಜನರು ರೇಡಿಯೋ ಕೇಳತೊಡಗಿದರು. ಋಷಿಸದೃಶವಾದ ಆ ತ್ಯಾಗಕ್ಕೆ ತಲೆಬಾಗುತ್ತೇವೆ. ಆದರೆ ಆ ಹಣವು ಬಂದಿದ್ದರೆ ಎಷ್ಟು ಮಂದಿ ಬಡ ತರುಣರಿಗೆ ಪ್ರಯೋಗಶಾಲೆಗಳಾಗುತ್ತಿದ್ದವೆಂದು ಲೆಕ್ಕಿಸದಿರಲೂ ಆರೆವು.

ಅನಂತರ ಅವರು ಸಸ್ಯಗಳ ಜೀವವ್ಯಾಪಾರದತ್ತ ತಿರುಗಿ, ಗಿಡದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫನ್ನು ನಿರ್ಮಿಸಿದರು. ಆ ಸಿದ್ಧಾಂತಗಳ ಮೇಲೆ ನಡೆದ ವಾದವಿವಾದಗಳು ಪ್ರತ್ಯೇಕ ಲೇಖನದ ವಸ್ತು. 1917ರಲ್ಲಿ ತಮ್ಮ ಹುಟ್ಟುಹಬ್ಬದ ದಿನವೇ ಕಲ್ಕತ್ತೆಯಲ್ಲಿ ಬೋಸ್ ವಿಜ್ಞಾನಮಂದಿರವನ್ನು ಸ್ಥಾಪಿಸಿದರು. 1920ರಲ್ಲಿ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು.

1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದಾಗ ಆಚಾರ್ಯರು ಇನ್ನೂ ಜೀವಿಸಿದ್ದರು. 1937ರ ನವೆಂಬರು 23ರಂದು, ಎಪ್ಪತ್ತೊಂಬತ್ತು ತುಂಬಲು ಒಂದು ವಾರವಿರುವಾಗ, ಗಿರಿಡೀಹದಲ್ಲಿ ಕಾಲವಾದರು. ಅವರ ಪ್ರಯೋಗಗಳ ಸ್ಮರಣಾರ್ಥವಾಗಿ ಅಂತರರಾಷ್ಟ್ರೀಯ ವಿದ್ಯುತ್ ಎಂಜಿನಿಯರರ ಸಂಸ್ಥೆಯು ಪ್ರೆಸಿಡೆನ್ಸಿಯ ಆವರಣದಲ್ಲಿ ಫಲಕವನ್ನು ಇರಿಸಿದ್ದು 2012ರಲ್ಲಿ.